ಖಾಲಿ ಕುರ್ಚಿಗೆ ಆಡಿಸಿದ ತಲೆ

ಕಲ್ಲೇಶಪ್ಪನವರಿಗೆ ಮುಖಕ್ಕೆ ಹೊಡೆದ ಹಾಗೆ ಹೇಳಿ ಬರುವುದೆಂದು ತಿಮ್ಮಯ್ಯ ಬೆಳಿಗ್ಗೆ ಒಂಬತ್ತಕ್ಕೆ ಮನೆಯಿಂದ ಹೊರಟ. ಹೇಳಬೇಕಾಗಿದ್ದದ್ದು ಹೆಚ್ಚೇನಿಲ್ಲ. ಅದನ್ನು ಅವನ ಅಕ್ಕ ಕಾಮಾಕ್ಷಮ್ಮ ಹಿಂದಿನ ದಿನವೇ ಎದುರಿಗೆ ಕೂರಿಸಿಕೊಂಡು, ಮಗ್ಗಿ ಒಪ್ಪಿಸಿಕೊಂಡ ಹಾಗೆ ಮೂರು ಸಲ ಒಪ್ಪಿಸಿಕೊಂಡಿದ್ದಳು: "ದಾರಿಗೆ ಬೇಲಿ ಹಾಕ್ಬೇಡಿ. ಅದು ಊರಿನ ದಾರಿ."

"ಅಷ್ಟೇ ಹೇಳು. ಹಿಂದಕ್ಕೆ ಮುಂದಕ್ಕೆ ಏನೂ ಸೇರಿಸ್ಬೇಡ. ಹೇಳಿ ಎದ್ದು ಬಾ. ಗೊತ್ತಾಯ್ತೇನ್ಲಾ?"

ತಿಮ್ಮಯ್ಯ ತಲೆಯಾಡಿಸಿದ್ದ.

ಈ ತಲೆಯ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗುವ ಹಾಗಿಲ್ಲ. ಹೊಳೆಮಾಳ ಕುಶಾಲನಗರದಿಂದ ಐದಾರು ಮೈಲಿ ದೂರದ ಸಣ್ಣ ಊರು. ತಿಮ್ಮಯ್ಯನ ಅಜ್ಜ ಹಾಸನದ ಕಡೆಯಿಂದ ಬಂದು ಇಲ್ಲಿ ಗದ್ದೆ ಮಾಡಿದವರು. ಆ ಮನೆತನದಲ್ಲಿ ಹುಟ್ಟಿ ಐವತ್ತೆಂಟು ವರ್ಷ ಬಾಳಿದ ತಿಮ್ಮಯ್ಯ ಯಾರಿಗಾದರೂ ಒಂದು ಸಲ "ಇಲ್ಲ" ಎಂದದ್ದನ್ನು ಕೇಳಿದವರು ಊರಿನಲ್ಲಿ ಇರಲಿಲ್ಲ. ಈ ವರ್ಷ ಶುಂಠಿಗೆ ರೇಟು ಬರುತ್ತೆ ಎಂದವರಿಗೂ ತಲೆಯಾಡಿಸುತ್ತಿದ್ದ, ಬರಲ್ಲ ಎಂದವರಿಗೂ ತಲೆಯಾಡಿಸುತ್ತಿದ್ದ. ಇಬ್ಬರೂ ಒಂದೇ ಬೆಂಚಿನ ಮೇಲೆ ಅಕ್ಕಪಕ್ಕ ಕೂತಿದ್ದರೂ ಅವನಿಗೆ ಅದರಿಂದ ತೊಂದರೆಯಾಗುತ್ತಿರಲಿಲ್ಲ. ಚುನಾವಣೆ ಬಂದಾಗ ಮೂರು ಪಕ್ಷದವರೂ ಅವನನ್ನು ತಮ್ಮವನೆಂದು ಬರೆದಿಟ್ಟುಕೊಳ್ಳುತ್ತಿದ್ದರು. ಇಂಥ ಮನುಷ್ಯನನ್ನು ಜಗಳಕ್ಕೆ ಕಳಿಸಿದ್ದು ಕಾಮಾಕ್ಷಮ್ಮನ ತಪ್ಪು ಎಂದು ಆಮೇಲೆ ಊರವರು ತೀರ್ಮಾನ ಮಾಡಿದರು. ಆದರೆ ಅವಳಿಗಾದರೂ ಬೇರೆ ಯಾರಿದ್ದರು?

ಊರು ಮೇಲೆ, ಕಾವೇರಿ ಹೊಳೆ ಕೆಳಗೆ. ಹೊಳೆದಡದಲ್ಲಿ ಕಾಮಾಕ್ಷಮ್ಮನ ಒಂಟಿ ಮನೆ, ಮೂರು ಹಸು. ನಡುವಿನ ಎರಡು ಎಕರೆಯನ್ನು ಸೋಮವಾರಪೇಟೆಯ ಕಾಫಿ, ಏಲಕ್ಕಿ ವ್ಯಾಪಾರಿ ಕಲ್ಲೇಶಪ್ಪನವರು ಹಿಂದಿನ ವರ್ಷ ಕೊಂಡಿದ್ದರು. ಆ ಜಾಗದ ಅಂಚಿನಲ್ಲಿ ಒಂದು ಎತ್ತಿನಗಾಡಿ ಹೋಗುವಷ್ಟು ಅಗಲದ ದಾರಿ. ಬೆಳಿಗ್ಗೆ ಆರೂವರೆಗೆ ಕಾಮಾಕ್ಷಮ್ಮ ಹಾಲಿನ ಕ್ಯಾನು ಹೊತ್ತು ಆ ದಾರಿಯಲ್ಲಿ ಡೈರಿಗೆ ಬರುವಳು. ತಮ್ಮನ ಮನೆಯಲ್ಲಿ ಅರ್ಧ ಲೀಟರ್ ಅಳೆದು ಕೊಟ್ಟು, ನಾದಿನಿ ಬೆಳ್ಳಮ್ಮ ಮಾಡಿದ ಕಾಫಿ ಕುಡಿದು, ತಮ್ಮನಿಗೆ ಏನಾದರೊಂದಕ್ಕೆ ಬೈದು ಹೋಗುವಳು. ಕಲ್ಲೇಶಪ್ಪನವರು ಅಲ್ಲಿ ಹೋಂಸ್ಟೇ ಕಟ್ಟಲು ಹೊರಟಿದ್ದರು. ಬೇಲಿಗೆ ಕಲ್ಲುಕಂಬ ಬಂದು ಇಳಿದಿತ್ತು. ದಾರಿ ಮುಚ್ಚಿದರೆ ನಾಲೆ ಏರಿಯ ಮೇಲೆ ಬಳಸಿಕೊಂಡು ಮೂರು ಕಿಲೋಮೀಟರು. ಅರವತ್ತೇಳು ವರ್ಷದ ಹೆಂಗಸು, ತಲೆಯ ಮೇಲೆ ಹಾಲು. ಕಾಮಾಕ್ಷಮ್ಮ ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟಿದ್ದಳು. ಸಾಕ್ಷಿ ಎಂದು ಅವಳು ಬರೆಸಿದ್ದು ಒಂದೇ ಹೆಸರು, ತಿಮ್ಮಯ್ಯನದು.

ಆ ಬೆಳಿಗ್ಗೆ ಕಲ್ಲೇಶಪ್ಪನವರ ಶೆಡ್ಡಿನ ಜಗಲಿಯಲ್ಲಿ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ನಿಂತಿತ್ತು. ಅದರ ಹಿಂದೆ ಒಬ್ಬ ಹುಡುಗಿ. ಕುಶಾಲನಗರದ ‘ಕಿಟಕಿ ಟಿವಿ’ಯ ಸುಧಾ. ಹೊಳೆದಡದ ಜನಜೀವನದ ಬಗ್ಗೆ ಅರ್ಧ ಗಂಟೆಯ ಡಾಕ್ಯುಮೆಂಟರಿ ಮಾಡುತ್ತಿದ್ದಳು. ಟಿವಿಯವರು ಎಂದರೆ ವ್ಯಾನು, ಐದಾರು ಜನ, ಕೊಡೆ ಹಿಡಿಯುವವನೊಬ್ಬ ಎಂದು ತಿಮ್ಮಯ್ಯ ತಿಳಿದಿದ್ದ. ಇವಳು ಸ್ಕೂಟರಿನಲ್ಲಿ ಒಬ್ಬಳೇ ಬಂದಿದ್ದಳು. ಪ್ರಶ್ನೆ ಕೇಳುವವಳೂ ಅವಳೇ, ಕ್ಯಾಮೆರಾ ಹಿಡಿಯುವವಳೂ ಅವಳೇ, ಆಮೇಲೆ ಕೂತು ಕತ್ತರಿಸಿ ಜೋಡಿಸುವವಳೂ ಅವಳೇ.

"ಬನ್ನಿ ಬನ್ನಿ ತಿಮ್ಮಯ್ಯನೋರೆ, ಕಾಫಿ ಕುಡೀರಿ," ಎಂದರು ಕಲ್ಲೇಶಪ್ಪನವರು. ಕಾಫಿ ಬಂತು. ಸ್ವಂತ ತೋಟದ ಪುಡಿ, ಗಟ್ಟಿ ಹಾಲು. ಇಂಥ ಕಾಫಿ ಕೊಟ್ಟವರ ಮುಖಕ್ಕೆ ಹೊಡೆದ ಹಾಗೆ ಮಾತಾಡುವುದು ಹೇಗೆಂದು ತಿಮ್ಮಯ್ಯನಿಗೆ ಹೊಳೆಯಲಿಲ್ಲ. ಇವರ ಮಾತು ಮುಗಿಯಲಿ, ಹೇಳೋಣ ಎಂದುಕೊಂಡು ಲೋಟ ಹಿಡಿದು ಕಂಬದ ಪಕ್ಕ ನಿಂತ. ಕಲ್ಲೇಶಪ್ಪನವರು ಕ್ಯಾಮೆರಾಕ್ಕೆ ಮಾತಾಡುತ್ತ ಹೋದರು. ತಿಮ್ಮಯ್ಯ ಮನಸ್ಸಿನಲ್ಲೇ ‘ದಾರಿಗೆ ಬೇಲಿ ಹಾಕ್ಬೇಡಿ, ಅದು ಊರಿನ ದಾರಿ’ ಎಂದು ಒಪ್ಪಿಸಿಕೊಳ್ಳುತ್ತ ನಿಂತ. ಮಾತು ಮುಗಿಯಿತು. ಅಷ್ಟರಲ್ಲಿ ಕಲ್ಲೇಶಪ್ಪನವರಿಗೆ ಫೋನು ಬಂದು, "ಕೂತಿರಿ, ಬಂದೆ," ಎಂದು ಜೀಪು ಹತ್ತಿ ಹೋಗಿಯೇಬಿಟ್ಟರು.

"ಅಂಕಲ್," ಎಂದಳು ಸುಧಾ. "ಎರಡು ನಿಮಿಷ ಈ ಕುರ್ಚೀಲಿ ಕೂತ್ಕೋತೀರಾ? ಒಂದು ಸಹಾಯ ಆಗ್ಬೇಕಿತ್ತು."

ತಿಮ್ಮಯ್ಯ ತಲೆಯಾಡಿಸಿ ಕೂತ.

"ಅವ್ರು ಇಪ್ಪತ್ತು ನಿಮಿಷ ಮಾತಾಡಿದಾರೆ. ನನಗೆ ಬೇಕಿರೋದು ಎರಡು ನಿಮಿಷ. ಮಧ್ಯ ಮಧ್ಯ ಕತ್ತರಿಸಿದ್ರೆ ಅವ್ರ ತಲೆ ಇಲ್ಲಿಂದ ಅಲ್ಲಿಗೆ ಜಿಗಿದ ಹಾಗೆ ಕಾಣುತ್ತೆ. ಆ ಜಾಗದಲ್ಲಿ ಯಾರಾದ್ರೂ ಕೇಳಿಸ್ಕೊಳ್ತಿರೋ ಮುಖ ಹಾಕಿದ್ರೆ ನೋಡೋರಿಗೆ ಗೊತ್ತಾಗಲ್ಲ. ದೊಡ್ಡ ಚಾನೆಲ್‌ನಲ್ಲಿ ರಿಪೋರ್ಟರ್ ಮುಖ ಹಾಕ್ತಾರೆ. ನಾನು ಒಬ್ಳೇ. ನಾನು ಆ ಕಡೆ ಕೂತ್ರೆ ಈ ಕಡೆ ಕ್ಯಾಮೆರಾ ನೋಡ್ಕೊಳ್ಳೋರು ಯಾರು?"

"ಈಗ ನಾನು ಯಾರ ಮಾತು ಕೇಳಿಸ್ಕೋಬೇಕವ್ವ?"

"ಯಾರ್ದೂ ಇಲ್ಲ ಅಂಕಲ್. ಎದುರುಗಡೆ ಖಾಲಿ ಕುರ್ಚಿ. ಯಾರೋ ಮಾತಾಡ್ತಿದಾರೆ ಅಂದ್ಕೊಂಡು ಆಗಾಗ ತಲೆ ಆಡ್ಸಿ, ಸಾಕು."

ಮನುಷ್ಯನಿಗೆ ತಕ್ಕ ಕೆಲಸ ಸಿಗುವುದು ಅಪರೂಪ. ತಿಮ್ಮಯ್ಯನಿಗೆ ಅದು ಐವತ್ತೆಂಟನೇ ವರ್ಷದಲ್ಲಿ ಸಿಕ್ಕಿತು. ಅಂಗಿಯ ಮೇಲಿನ ಗುಂಡಿ ಹಾಕಿ, ಕೂದಲಿಗೆ ಕೈಯಾಡಿಸಿ, ಖಾಲಿ ಕುರ್ಚಿಯನ್ನು ಗೌರವದಿಂದ ನೋಡಿ ಶುರುಮಾಡಿದ. ಮೊದಲು ನಿಧಾನಕ್ಕೆ, ಅರ್ಥವಾಯಿತು ಎನ್ನುವ ಹಾಗೆ. ಆಮೇಲೆ ಕಣ್ಣು ಸಣ್ಣ ಮಾಡಿ, ಇದು ಯೋಚಿಸಬೇಕಾದ ವಿಷಯ ಎನ್ನುವ ಹಾಗೆ. ಕೊನೆಗೆ ಎರಡು ಸಲ ಗಟ್ಟಿಯಾಗಿ, ನೀವು ಹೇಳುವುದು ನೂರಕ್ಕೆ ನೂರು ಸತ್ಯ ಎನ್ನುವ ಹಾಗೆ. "ಸೂಪರ್ ಅಂಕಲ್!" ಎಂದಳು ಸುಧಾ. ಅವನ ತಲೆಯನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು.

ಬಂದ ಕೆಲಸ ನೆನಪಾಗುವ ಹೊತ್ತಿಗೆ ಅವನು ಅರ್ಧ ದಾರಿ ಬಂದಿದ್ದ. ಹಿಂದಿರುಗಿ ಹೋಗೋಣವೆಂದರೆ ಕಲ್ಲೇಶಪ್ಪನವರು ಇಲ್ಲ. ಮನೆಯ ಮುಂದೆ ಅಕ್ಕ ಕಾಯುತ್ತ ನಿಂತಿದ್ದಳು.

"ಹೇಳ್ದೇನ್ಲಾ?"

ತಿಮ್ಮಯ್ಯ ತಲೆಯಾಡಿಸಿದ. ಆಡಿಸಬಾರದಿತ್ತು, ಅದು ಅವನಿಗೂ ಗೊತ್ತಿತ್ತು. ಆದರೆ ಅಕ್ಕನ ಮುಖ ಅರಳಿದ್ದನ್ನು ನೋಡಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳುವ ಧೈರ್ಯ ಬರಲಿಲ್ಲ. ಮಾತು ಬದಲಾಯಿಸಲು, "ನಾನು ಟಿವೀಲಿ ಬರ್ತೀನಿ ಕಣಕ್ಕ," ಎಂದ.

ಈ ಸುದ್ದಿ ಮಧ್ಯಾಹ್ನದೊಳಗೆ ಊರು ಸುತ್ತಿತು, ಸುತ್ತಿಸಿದವನು ತಿಮ್ಮಯ್ಯನೇ. ಮೊದಲು "ಟಿವೀಲಿ ಬರ್ತೀನಿ" ಎಂದಿದ್ದದ್ದು ಸಂಜೆಗೆ "ನನ್ನ ಮೇಲೇ ಒಂದು ಪ್ರೋಗ್ರಾಂ ಮಾಡ್ತಿದಾರೆ" ಎಂದಾಯಿತು. ಭಾನುವಾರ ಸಂಜೆ ಏಳಕ್ಕೆ ಧರ್ಮೇಶನ ಟೀ ಹೋಟೆಲಿನಲ್ಲಿ ಬೆಂಚು ಸಾಲದೆ ಜನ ಬಾಗಿಲಿಗೆ ಒರಗಿ ನಿಂತರು. ಕಾಮಾಕ್ಷಮ್ಮ ಜರಿ ಅಂಚಿನ ಸೀರೆ ಉಟ್ಟು ಬಂದು ಮುಂದಿನ ಸ್ಟೂಲಿನಲ್ಲಿ ಕೂತಳು. ಅವಳು ಆ ಸೀರೆ ತೆಗೆಯುವುದು ಮದುವೆಗೆ ಮಾತ್ರ.

ಹೊಳೆ ಬಂತು, ದೋಣಿ ಬಂತು, ಗದ್ದೆ ಬಂತು. ಕಲ್ಲೇಶಪ್ಪನವರು ಬಂದರು. "ಅದು ದಾರೀನೇ ಅಲ್ಲ," ಎಂದರು ಅವರು ನಗುನಗುತ್ತ. "ದನ ನುಗ್ಗಿ ನುಗ್ಗಿ ಆದ ಜಾಡು, ಅಷ್ಟೆ. ಊರಿನ ಹಿರಿಯರಿಗೂ ಅದು ಗೊತ್ತು."

ಆಗ ಪರದೆಯ ತುಂಬ ತಿಮ್ಮಯ್ಯನ ಮುಖ. ಕೆಳಗೆ ಅಕ್ಷರದಲ್ಲಿ ‘ತಿಮ್ಮಯ್ಯ, ಊರಿನ ಹಿರಿಯರು’ ಎಂದಿತ್ತು. ಅವನು ಕಣ್ಣು ಸಣ್ಣ ಮಾಡಿ ಯೋಚಿಸಿ, ಗಟ್ಟಿಯಾಗಿ ಎರಡು ಸಲ ತಲೆಯಾಡಿಸಿದ. ಮೂರು ಸೆಕೆಂಡು. ಮತ್ತೆ ಕಲ್ಲೇಶಪ್ಪನವರು ಬಂದರು.

ಧರ್ಮೇಶ ಸೋಸುವ ಬಟ್ಟೆ ಹಿಡಿದುಕೊಂಡೇ, "ತಿಮ್ಮಣ್ಣ, ದಾರಿ ಕೊಟ್ಬಿಟ್ಯಾ?" ಎಂದ.

"ಅದು... ಅದು ಖಾಲಿ ಕುರ್ಚಿ ಕಣಪ್ಪ," ಎಂದ ತಿಮ್ಮಯ್ಯ.

ಕಾಮಾಕ್ಷಮ್ಮ ಎದ್ದಳು. ಸೀರೆಯ ಸೆರಗು ಸರಿಮಾಡಿಕೊಂಡಳು. "ಹೇಳ್ದೆ ಅಂದ್ಯಲ್ಲೋ," ಎಂದಳು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಬೈಗುಳ ಅವನಿಗೆ ಅಭ್ಯಾಸವಿತ್ತು.

ಮರುದಿನ ಬೆಳಿಗ್ಗೆ ಬೆಳ್ಳಮ್ಮ ಕಾಫಿ ಮಾಡಿ ಕಾದಳು. ಆರೂವರೆ ಆಯಿತು, ಏಳಾಯಿತು. ಏಳೂಕಾಲಿಗೆ ಕಾಮಾಕ್ಷಮ್ಮ ನಾಲೆಯ ಕಡೆಯಿಂದ ಬಂದಳು. ಕಂಬ ಇನ್ನೂ ನೆಟ್ಟಿರಲಿಲ್ಲ, ದಾರಿ ತೆರೆದೇ ಇತ್ತು. ಆದರೂ ಮೂರು ಕಿಲೋಮೀಟರ್ ಬಳಸಿ ಬಂದಿದ್ದಳು. ತಮ್ಮನ ಮನೆಯ ಮುಂದೆ ನಿಲ್ಲಲಿಲ್ಲ. ಕಡೆಗಣ್ಣಿನಲ್ಲೂ ನೋಡದೆ ಡೈರಿಯ ಕಡೆ ಹೋದಳು.

"ನೋಡ್ಕೊಳ್ಳಿ," ಎಂದಳು ಬೆಳ್ಳಮ್ಮ. "ಕಂಬ ಹಾಕೋಕೆ ಮುಂಚೆನೇ ದಾರಿ ಮುಚ್ಚಿದ್ರಿ."

ಅಕ್ಕ ಬಿಟ್ಟರೂ ಊರು ಬಿಡಲಿಲ್ಲ. ಆ ಮೂರು ಸೆಕೆಂಡನ್ನು ಯಾರೋ ಮೊಬೈಲಿನಲ್ಲಿ ಹಿಡಿದು ಸ್ಟಿಕ್ಕರ್ ಮಾಡಿಬಿಟ್ಟಿದ್ದರು. ಹೊಳೆಮಾಳದ ವಾಟ್ಸಾಪ್ ಗುಂಪಿನಲ್ಲಿ ‘ನಾಳೆ ಕರೆಂಟ್ ಇರಲ್ವಾ?’ ಎಂದರೆ ತಿಮ್ಮಯ್ಯ ತಲೆಯಾಡಿಸುತ್ತಿದ್ದ. ‘ಸೊಸೈಟಿಗೆ ಗೊಬ್ಬರ ಬಂತಾ?’ ಎಂದರೂ ಅವನೇ. ಇಲ್ಲದ ಗೊಬ್ಬರಕ್ಕಾಗಿ ಚೀಲ ಹಿಡಿದು ಹೋಗಿ ಬರಿಗೈಯಲ್ಲಿ ಬಂದ ಹನ್ನೊಂದು ಜನ ಅವನ ಮನೆಯ ಮುಂದೆ ನಿಂತು ನ್ಯಾಯ ಕೇಳಿದರು. ಹಾಸನದಿಂದ ಚಿಕ್ಕಪ್ಪನ ಮಗ ಫೋನು ಮಾಡಿ, "ಟಿವೀಲಿ ನೋಡ್ದೆ. ದೊಡ್ಡ ಮನುಷ್ಯ ಆಗ್ಬಿಟ್ಟೆ. ನಮ್ ತೆಂಗಿನ ತೋಟದ ಬದು ಜಗಳಕ್ಕೂ ಒಂದು ತಲೆ ಆಡ್ಸಿ ಹೋಗು ಬಾ," ಎಂದು ಕರೆದ. ಅವನು ಹಂಗಿಸುತ್ತಿಲ್ಲ, ನಿಜವಾಗಿಯೇ ಕರೆಯುತ್ತಿದ್ದಾನೆ ಎಂದು ತಿಮ್ಮಯ್ಯನಿಗೆ ಐದು ನಿಮಿಷದ ಮೇಲೆ ತಿಳಿಯಿತು.

ಇಷ್ಟು ಸಾಲದೆಂದು ಬುಧವಾರ ಕಲ್ಲೇಶಪ್ಪನವರೇ ಬಂದರು. ಕೈಯಲ್ಲಿ ಕಾಲು ಕೆ.ಜಿ. ಏಲಕ್ಕಿ.

"ನೀವು ಅಷ್ಟು ಜನ ನೋಡೋ ಟಿವೀಲಿ ನನ್ನ ಪರವಾಗಿ ನಿಂತಿರಿ ತಿಮ್ಮಯ್ಯನೋರೆ. ಸ್ವಂತ ಅಕ್ಕ ಅಂತಾನೂ ನೋಡ್ಲಿಲ್ಲ. ಈ ಕಾಲದಲ್ಲಿ ಇಂಥ ನ್ಯಾಯಸ್ಥರು ಎಲ್ಲಿ ಸಿಗ್ತಾರೆ? ಸೋಮವಾರ ಆರ್‌.ಐ. ಸಾಹೇಬ್ರು ಮಹಜರಿಗೆ ಬರ್ತಾರೆ. ಅವತ್ತೂ ಹಿಂಗೇ ನಿಂತ್ಕೊಳ್ಳಿ."

ಒಳಗಿನಿಂದ ಬೆಳ್ಳಮ್ಮ ಕೆಮ್ಮಿದಳು. ಆದರೆ ಆ ಹೊತ್ತಿಗೆ ತಲೆ ಕೆಳಗೆ ಹೋಗಿ ಮೇಲೆ ಬಂದಾಗಿತ್ತು.

ಕಲ್ಲೇಶಪ್ಪನವರು ಹೋದ ಮೇಲೆ ಬೆಳ್ಳಮ್ಮ ಏಲಕ್ಕಿ ಪೊಟ್ಟಣವನ್ನು ಅವನ ಮುಂದೆ ಇಟ್ಟಳು. "ನಾಳೆ ಕುಶಾಲನಗರಕ್ಕೆ ಹೋಗಿ. ಆ ಟಿವಿ ಹುಡುಗೀನ ಹಿಡ್ಕೊಂಡು, ತಲೆ ಆಡ್ಸಿದ್ದು ತೆಗೆಸಿ. ತೆಗೆಸ್ದೆ ಮನೆಗೆ ಬರ್ಬೇಡಿ. ಹೂಂ ಅನ್ಬೇಡಿ, ಹೋಗಿ."

ಕಿಟಕಿ ಟಿವಿ ಎಂದರೆ ಒಂದು ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆ. ಸುಧಾ ಅವನ ಮಾತನ್ನೆಲ್ಲ ಕೇಳಿದಳು. ನಡುವೆ ಒಂದು ಸಲವೂ ತಲೆಯಾಡಿಸಲಿಲ್ಲ. ಸುಮ್ಮನೆ ಅವನನ್ನೇ ನೋಡುತ್ತ ಕೇಳಿದಳು. ಹೀಗೂ ಕೇಳಿಸಿಕೊಳ್ಳಬಹುದು ಎಂದು ತಿಮ್ಮಯ್ಯನಿಗೆ ಆವರೆಗೆ ಗೊತ್ತಿರಲಿಲ್ಲ.

"ತಪ್ಪು ನಂದು ಅಂಕಲ್," ಎಂದಳು. "ಜಿಗಿತ ಮುಚ್ಚೋಕೆ ಎಲ್ಲಿ ಮುಖ ಹಾಕ್ಬೇಕು ಅಂತ ನೋಡ್ದೆ. ಅಲ್ಲಿ ಅವ್ರು ಏನ್ ಹೇಳ್ತಿದಾರೆ ಅಂತ ನೋಡ್ಲಿಲ್ಲ. ಆದ್ರೆ ಟಿವೀಲಿ ಹೋಗಿದ್ದು ಹೋಯ್ತು, ವಾಪಸ್ ತರೋಕಾಗಲ್ಲ."

"ಹಂಗಾದ್ರೆ ನಮ್ಮಕ್ಕನ್ನ ವಾಪಸ್ ತರೋದು ಹೆಂಗವ್ವ?" ಎಂದ ತಿಮ್ಮಯ್ಯ.

ಸುಧಾ ಕುರ್ಚಿಯನ್ನು ಅವನ ಹತ್ತಿರ ಎಳೆದುಕೊಂಡಳು. "ಕತ್ತರಿಸದೇ ಇರೋ ಫುಟೇಜ್ ನನ್ನ ಹತ್ರ ಇದೆ. ಖಾಲಿ ಕುರ್ಚಿ, ನಾನು ಹೇಳ್ಕೊಟ್ಟಿದ್ದು, ಎಲ್ಲಾ ಅದ್ರಲ್ಲಿದೆ. ಸೋಮವಾರ ಮಹಜರಿಗೆ ನಾನೇ ಲ್ಯಾಪ್‌ಟಾಪ್ ತಂದು ಎಲ್ರ ಎದುರು ತೋರಿಸ್ತೀನಿ. ಹಿಂಗೆ ಮಾಡಿಸಿದ್ದು ಅಂತ ಗೊತ್ತಾದ್ರೆ ನಮ್ಮ ಬಾಸ್ ಬೈತಾರೆ. ಬೈಲಿ. ಆಗಬಹುದಾ?"

ತಿಮ್ಮಯ್ಯ ತಲೆಯಾಡಿಸಿದ.

"ಅಂಕಲ್, ದಯವಿಟ್ಟು ಹಂಗ್ ಮಾಡ್ಬೇಡಿ. ನನಗೆ ಭಯ ಆಗುತ್ತೆ."

ಸೋಮವಾರ ಹತ್ತೂವರೆಗೆ ಕಂದಾಯ ನಿರೀಕ್ಷಕ ಕೀರ್ತಿಕುಮಾರ್ ಬಂದರು. ಮಹಜರು ಎಂದರೆ ಜಾಗದಲ್ಲೇ ನಿಂತು, ಕಂಡದ್ದನ್ನೂ ಊರವರು ಹೇಳಿದ್ದನ್ನೂ ಬರೆದು ಸಹಿ ಹಾಕಿಸುವುದು. ಆದರೆ ಹೊಳೆಮಾಳದ ಮಟ್ಟಿಗೆ ಅದು ಅವತ್ತು ಸಿನಿಮಾದ ಎರಡನೇ ಭಾಗ. ಧರ್ಮೇಶ ಹೋಟೆಲು ಮುಚ್ಚಿ, ಫ್ಲಾಸ್ಕಿನಲ್ಲಿ ಟೀ ಹೊತ್ತು ತಂದಿದ್ದ. ಕಾಮಾಕ್ಷಮ್ಮ ದಾರಿಯ ಕೆಳತುದಿಯಲ್ಲಿ ಒಂಟಿಯಾಗಿ ನಿಂತಿದ್ದಳು. ಕಲ್ಲೇಶಪ್ಪನವರು ಮೊಬೈಲಿನಲ್ಲಿ ಮೂರು ಸೆಕೆಂಡನ್ನು ತೋರಿಸಿದರು. ಸಾಹೇಬರು ಕನ್ನಡಕ ಏರಿಸಿ ನೋಡಿದರು.

"ತಿಮ್ಮಯ್ಯ ಅಂದ್ರೆ ಯಾರು? ಅರ್ಜಿದಾರರ ಸಾಕ್ಷಿ ತಾನೆ? ಎದುರುದಾರರ ಮಾತಿಗೆ ತಲೆ ಆಡ್ಸಿದೀರಲ್ರೀ?"

"ಅದು ಖಾಲಿ ಕುರ್ಚಿಗೆ ಆಡ್ಸಿದ ತಲೆ ಸಾರ್!"

"ಇಪ್ಪತ್ತಾರು ವರ್ಷ ಸರ್ವೀಸ್ ಆಯ್ತು," ಎಂದರು ಸಾಹೇಬರು. "ಒತ್ತಾಯಕ್ಕೆ ಸಹಿ ಹಾಕ್ದೆ ಅಂದೋರನ್ನ ನೋಡಿದೀನಿ. ಕುಡಿದು ಹೆಬ್ಬೆಟ್ಟು ಒತ್ತಿದೆ ಅಂದೋರನ್ನ ನೋಡಿದೀನಿ. ಕುರ್ಚಿಗೆ ತಲೆ ಆಡ್ಸಿದೆ ಅಂದೋರು ನೀವೇ ಮೊದ್ಲು."

ಸುಧಾ ಲ್ಯಾಪ್‌ಟಾಪನ್ನು ಕಲ್ಲುಕಂಬದ ರಾಶಿಯ ಮೇಲಿಟ್ಟು ತೆರೆದಳು. ಜನ ಕತ್ತು ಚಾಚಿದರು. ಪರದೆಯಲ್ಲಿ ಅವಳದೇ ದನಿ: "ಯಾರ್ದೂ ಇಲ್ಲ ಅಂಕಲ್. ಎದುರುಗಡೆ ಖಾಲಿ ಕುರ್ಚಿ." ಕ್ಯಾಮೆರಾ ತಿರುಗಿತು, ನಿಜವಾಗಿಯೂ ಖಾಲಿ ಕುರ್ಚಿ. ಮತ್ತೆ ತಿರುಗಿತು, ತಿಮ್ಮಯ್ಯ ಗುಂಡಿ ಹಾಕಿಕೊಂಡು, ಕೂದಲು ಸರಿಮಾಡಿಕೊಂಡು, ಆ ಕುರ್ಚಿಯ ಮಾತನ್ನು ಶ್ರದ್ಧೆಯಿಂದ ಒಪ್ಪುತ್ತಿದ್ದಾನೆ. ಊರು ಬಿದ್ದು ಬಿದ್ದು ನಕ್ಕಿತು. ಸಾಹೇಬರು ಫೈಲನ್ನು ಬಾಯಿಗೆ ಅಡ್ಡ ಹಿಡಿದರು. ನಗೆಪಾಟಲಾದರೂ ತಿಮ್ಮಯ್ಯನಿಗೆ ಹಿಗ್ಗು ತಡೆಯಲಾಗಲಿಲ್ಲ. ಎಂಟು ದಿನದಿಂದ ಬಿಗಿದುಕೊಂಡಿದ್ದ ಅಕ್ಕನ ಮುಖ ಸಡಿಲವಾಗಿತ್ತು. ಅವಳು ನಾಲ್ಕು ಹೆಜ್ಜೆ ಮೇಲೆ ಬಂದಳು.

"ಪೂರ್ತಿ ತೋರ್ಸಿ ತಾಯಿ," ಎಂದರು ಕಲ್ಲೇಶಪ್ಪನವರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ನನ್ನ ಇಪ್ಪತ್ತು ನಿಮಿಷಾನ ಎರಡು ನಿಮಿಷ ಮಾಡಿದೀರಿ. ನಾನು ಹೇಳಿದ್ದೂ ಜನ ಕೇಳ್ಲಿ."

"ನ್ಯಾಯವಾದ ಮಾತು," ಎಂದರು ಸಾಹೇಬರು.

ಸುಧಾ ಮೊದಲಿನ ಫೈಲು ಹಾಕಿದಳು. ದೂರದಿಂದ ತೆಗೆದ ಚಿತ್ರ. ಟಿವಿಯಲ್ಲಿ ಕಲ್ಲೇಶಪ್ಪನವರ ಮುಖವನ್ನಷ್ಟೇ ಹಿಗ್ಗಿಸಿ ಹಾಕಿದ್ದಳು, ಇದರಲ್ಲಿ ಇಡೀ ಜಗಲಿ ಕಾಣುತ್ತಿತ್ತು. ಮುಂದೆ ಕಲ್ಲೇಶಪ್ಪನವರು. ಓರೆಯಲ್ಲಿ, ಅವರ ಕಣ್ಣಿಗೆ ಬೀಳುವ ಹಾಗೆ, ಕಂಬದ ಪಕ್ಕ, ಕಾಫಿ ಲೋಟ ಹಿಡಿದ ತಿಮ್ಮಯ್ಯ. "ಅದು ದಾರೀನೇ ಅಲ್ಲ," ಎಂದರು ಕಲ್ಲೇಶಪ್ಪನವರು. ತಿಮ್ಮಯ್ಯ ಒಂದು ಗುಟುಕು ಕುಡಿದು ತಲೆಯಾಡಿಸಿದ. "ದನ ನುಗ್ಗಿ ನುಗ್ಗಿ ಆದ ಜಾಡು, ಅಷ್ಟೆ." ತಲೆಯಾಡಿಸಿದ. "ಊರಿನ ಹಿರಿಯರಿಗೂ ಅದು ಗೊತ್ತು." ಲೋಟ ಕೆಳಗಿಟ್ಟು, ಎರಡು ಕೈಯೂ ಖಾಲಿ ಮಾಡಿಕೊಂಡು, ಕುರ್ಚಿಗೆ ಆಡಿಸಿದ್ದಕ್ಕಿಂತ ಗಟ್ಟಿಯಾಗಿ ಆಡಿಸಿದ.

ಸುಧಾ ಲ್ಯಾಪ್‌ಟಾಪ್ ಮುಚ್ಚಲು ಕೈ ಚಾಚಿದಳು. ಸಾಹೇಬರು ಬೇಡವೆಂದರು. ಇಡೀ ಇಪ್ಪತ್ತು ನಿಮಿಷ ಓಡಿತು. ಅಷ್ಟೂ ಹೊತ್ತು ಕಂಬದ ಪಕ್ಕದ ಆ ತಲೆಗೆ ಪುರುಸೊತ್ತಿರಲಿಲ್ಲ. ಯಾರೂ ನಗಲಿಲ್ಲ. ಧರ್ಮೇಶ ಕೂಡ ಫ್ಲಾಸ್ಕಿನ ಮುಚ್ಚಳ ನೋಡುತ್ತ ನಿಂತ. ಇದಕ್ಕೆ ಕತ್ತರಿಯ ಮೇಲೆ ತಪ್ಪು ಹೊರಿಸುವ ಹಾಗಿರಲಿಲ್ಲ. ತನ್ನ ತಲೆ ತನಗೆ ತಿಳಿಯದೆ ಹೀಗೆ ಊರೆಲ್ಲ ತಿರುಗುತ್ತದೆ ಎಂದು ತಿಮ್ಮಯ್ಯ ಮೊದಲ ಸಲ ಕಣ್ಣಾರೆ ನೋಡಿದ. ಅವನಿಗೆ ತುಂಬ ನಾಚಿಕೆಯಾಯಿತು. ಅಕ್ಕನ ಕಡೆ ನೋಡಿದ. ಅವಳು ನೆಲ ನೋಡುತ್ತಿದ್ದಳು.

"ಸರಿ ಹಾಗಾದ್ರೆ," ಎಂದು ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು. "ಬರ್ಕೊಳ್ತೀನಿ. ‘ಸಾಕ್ಷಿ ತಿಮ್ಮಯ್ಯನವರು ಸದರಿ ಜಾಗದಲ್ಲಿ ದಾರಿ ಇಲ್ಲವೆಂದು ಒಪ್ಪಿರುತ್ತಾರೆ.’ ಸರಿ ತಾನೆ?"

ಊರಿಗೆ ಊರೇ ಅವನ ಕುತ್ತಿಗೆ ನೋಡಿತು. ಕುತ್ತಿಗೆ ಹೊರಟಿತ್ತು. ತಿಮ್ಮಯ್ಯ ಹಲ್ಲುನೋವು ಬಂದವನ ಹಾಗೆ ಬಲಗೈಯಿಂದ ಗಲ್ಲ ಹಿಡಿದು ಅದನ್ನು ನಿಲ್ಲಿಸಿದ.

"ಸರಿಯಿಲ್ಲ ಸಾರ್," ಎಂದ.

"ಏನು?"

"ಸರಿಯಿಲ್ಲ. ದಾರಿ ಇದೆ." ಗಲ್ಲ ಹಿಡಿದಿದ್ದರಿಂದ ಮಾತು ನೆಟ್ಟಗೆ ಬರಲಿಲ್ಲ. ಕೈ ಬಿಟ್ಟು ಮತ್ತೆ ಹೇಳಿದ. "ಇದು ಊರಿನ ದಾರಿ. ನಮ್ಮಪ್ಪನ್ನ ಹೊಳೆದಡಕ್ಕೆ ಹೊತ್ಕೊಂಡು ಹೋಗಿದ್ದು ಇದರಲ್ಲೇ. ಒಂದು ಕಡೆ ಭುಜ ನಾನೇ ಕೊಟ್ಟಿದ್ದೆ. ನಮ್ಮಕ್ಕ ದಿನಾ ಹಾಲು ಹೊರೋದು ಇದರಲ್ಲೇ. ಕಲ್ಲೇಶಪ್ಪನೋರೆ, ನೀವು ಒಳ್ಳೇವ್ರು. ನಿಮ್ಮನೆ ಕಾಫಿ ಬಾಳ ಚೆನ್ನಾಗಿತ್ತು. ಆದ್ರೆ ನೀವು ಹೇಳಿದ್ದು ತಪ್ಪು."

"ಮತ್ತೆ ತಲೆ ಆಡ್ಸಿದ್ರಲ್ಲ ತಿಮ್ಮಯ್ಯನೋರೆ?" ಕಲ್ಲೇಶಪ್ಪನವರಿಗೆ ನಿಜವಾಗಿ ನೋವಾಗಿತ್ತು. "ನೀವು ಈ ಊರಲ್ಲಿ ಹುಟ್ಟಿದೋರು. ನಾನು ನಿನ್ನೆ ಮೊನ್ನೆ ಬಂದೋನು. ನನಗೂ ಮೊದಲು ಅನುಮಾನ ಇತ್ತು. ನೀವು ಆಡ್ಸಿದ್ದು ನೋಡಿ ತಾನೆ ಅದು ದಾರಿ ಅಲ್ಲ ಅಂತ ನಾನೂ ನಂಬ್ಕೊಂಡಿದ್ದು? ಅವತ್ತೇ ಬೇಡ ಅಂದಿದ್ರೆ ಬೇಲೀನ ನಾಲ್ಕು ಮಾರು ಒಳಗೆ ಎಳ್ಕೊಂಡಿರ್ತಿದ್ದೆ."

ತಿಮ್ಮಯ್ಯ ಕಲ್ಲೇಶಪ್ಪನವರ ಕಡೆ ತಿರುಗಿದ. "ನೀವು ಮಾತಾಡ್ತಿದ್ರಿ," ಎಂದ. "ಮಾತಾಡೋರ ಎದುರು ಹೆಂಗೆ ಸುಮ್ನೆ ನಿಲ್ಲೋದು ಅಂತ ನನಗೆ ಗೊತ್ತಿಲ್ಲ."

ಸಾಹೇಬರು ಬರೆದುಕೊಂಡರು. ಮೇಲಿನಿಂದ ಆದೇಶ ಬರುವವರೆಗೆ ಕಂಬ ನೆಡಬಾರದು ಎಂದರು. ಕಲ್ಲೇಶಪ್ಪನವರು, ಆದೇಶ ಬೇಕಾಗಿಲ್ಲ, ನಾಳೆಯೇ ಬೇಲಿಯ ಗುರುತನ್ನು ಒಳಗೆ ಹಾಕಿಸುತ್ತೇನೆ ಎಂದರು. ತಿಮ್ಮಯ್ಯ ಸಹಿ ಹಾಕಿದ. ಹಾಕುವ ಮೊದಲು ಬರೆದದ್ದನ್ನು ಎರಡು ಸಲ ಓದಿಸಿ ಕೇಳಿದ. ಕೇಳುವಾಗ ಕುತ್ತಿಗೆ ಆಡಲಿಲ್ಲ ಎಂದು ಧರ್ಮೇಶ ಆಮೇಲೆ ಎಲ್ಲರಿಗೂ ಹೇಳಿದ.

ಜನ ಚದುರಿದರು. ಕಾಮಾಕ್ಷಮ್ಮ ಯಾರೊಂದಿಗೂ ಮಾತಾಡದೆ ದಾರಿಯಲ್ಲಿ ಕೆಳಗಿಳಿದಳು. ತಿಮ್ಮಯ್ಯ ಹಿಂದೆ ಹೋದ. ಗೆದ್ದವರು ಹೀಗೆ ನಡೆಯುವುದಿಲ್ಲ, ಇವಳಿಗೆ ಇನ್ನೂ ಏನೋ ಇದೆ ಎಂದು ಅವನಿಗೆ ತಿಳಿಯುತ್ತಿತ್ತು. ಹೊಳೆ ಕಾಣುವ ಜಾಗದಲ್ಲಿ ಅವಳು ನಿಂತಳು.

"ತಿಮ್ಮ," ಎಂದಳು. "ನಿಮ್ ಭಾವ ತೀರ್ಕೊಂಡ ಮೂರನೇ ತಿಂಗಳು. ನಿಮ್ಮನೆ ಅಡುಗೆಮನೇಲಿ ಕೂತ್ಕೊಂಡು ನಿನ್ನ ಒಂದು ಮಾತು ಕೇಳಿದ್ದೆ."

ತಿಮ್ಮಯ್ಯನಿಗೆ ನೆನಪಿತ್ತು. ಇಪ್ಪತ್ತೆರಡು ವರ್ಷವಾಗಿತ್ತು. ಭಾವ ಹೋದ ಮೇಲೆ ಅಕ್ಕ ಆಗ ಇವರ ಮನೆಯಲ್ಲೇ ಇದ್ದಳು. ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು. ಅಕ್ಕ ಗೋಡೆಗೆ ಒರಗಿ ಕೂತು, ‘ಹೊಳೆದಡದ ಮನೇಗೆ ಹೋಗಿ ಬೇರೆ ಇರ್ಲಾ?’ ಎಂದಿದ್ದಳು. ಅವನು ತಲೆಯಾಡಿಸಿದ್ದ.

"ಅದೂ ಹಿಂಗೇನಾ? ಕಾಫಿ ಲೋಟ ಹಿಡ್ಕೊಂಡು ಆಡ್ಸಿದ ತಲೇನಾ?"

"ಬೇಡ ಅನ್ಬೇಕು ಅಂತಿದ್ದೆ ಕಣಕ್ಕ," ಎಂದ ತಿಮ್ಮಯ್ಯ. ಅಳು ಬರುತ್ತಿತ್ತು. "ನೀನು ಆಗ್ಲೇ ಮನಸ್ಸು ಮಾಡ್ಬಿಟ್ಟಿದೀಯ ಅಂದ್ಕೊಂಡೆ."

"ಮನಸ್ಸು ಮಾಡಿದ್ರೆ ಯಾಕ್ಲಾ ಕೇಳ್ತಿದ್ದೆ?"

ಹೊಳೆಯ ಆ ಕಡೆ ಯಾರೋ ಬಟ್ಟೆ ಒಗೆಯುತ್ತಿದ್ದರು. ಕಾಮಾಕ್ಷಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಬೆವರೋ ಕಣ್ಣೀರೋ, ನೋಡುವ ಧೈರ್ಯ ಅವನಿಗಿರಲಿಲ್ಲ. ಇಪ್ಪತ್ತೆರಡು ವರ್ಷ ದಿನಾ ಬೆಳಿಗ್ಗೆ ಹಾಲು ಅಳೆದು ಕೊಟ್ಟು, ಕಾಫಿ ಕುಡಿದು, ಬೈದು ಹೋದವಳು, ಅಷ್ಟೂ ದಿನ ತಮ್ಮ ತನ್ನನ್ನು ಕಳಿಸಿಬಿಟ್ಟ ಎಂದುಕೊಂಡೇ ಬಂದು ಹೋಗಿದ್ದಳು.

"ಈಗ ಬಾರಕ್ಕ," ಎಂದ. "ನಮ್ಮನೇಗೆ ಬಂದ್ಬಿಡು. ಹಸೂನೂ ಹೊಡ್ಕೊಂಡು ಬಾ. ಕೊಟ್ಟಿಗೆ ದೊಡ್ಡದಾಗಿದೆ. ಬೆಳ್ಳಮ್ಮನೂ ಅದನ್ನೇ ಹೇಳ್ತಾಳೆ."

ಕಾಮಾಕ್ಷಮ್ಮ ತಮ್ಮನನ್ನು ನೋಡಿದಳು. ತನ್ನ ಮನೆ ನೋಡಿದಳು, ಅಂಗಳದಲ್ಲಿ ಕಟ್ಟಿದ್ದ ಮೂರು ಹಸು ನೋಡಿದಳು. ಯೋಚಿಸಿದಳು. ಅವಸರ ಮಾಡಲಿಲ್ಲ.

"ಬೇಡ ಕಣ್ಲಾ," ಎಂದಳು. "ಈಗ ನನಗೆ ಇಲ್ಲೇ ಒಗ್ಗಿಹೋಗಿದೆ."

ಹೇಳಿ, ತಗ್ಗಿಸಿದ ಅವನ ಗಲ್ಲವನ್ನು ಒಂದು ಬೆರಳಿನಿಂದ ಎತ್ತಿದಳು.

"ನೋಡ್ದೇನ್ಲಾ? ಬೇಡ ಅನ್ನೋಕೆ ಇಷ್ಟೇ ಹೊತ್ತು."